ವಫ್ರಾದ ಒಂಟಿ ಆಟಗಾರನೂ ಬ್ರಿಡ್ಜ್ ಸ್ಪರ್ಧೆಯ ಬಾಗಿಲುಗಳೂ

ಕುವೈತಿನ ದಕ್ಷಿಣದ ಅಂಚಿನಲ್ಲಿ, ಸೌದಿ ಅರೇಬಿಯಾದ ಗಡಿಗೆ ಸಮೀಪವಾಗಿ, ವಫ್ರಾ ಎಂಬ ಪ್ರದೇಶವಿದೆ. ಅಹ್ಮದಿ ಪ್ರಾಂತಕ್ಕೆ ಸೇರಿದ ಈ ನೆಲಕ್ಕೆ ಎರಡು ಬಗೆಯ ಖ್ಯಾತಿಯುಂಟು. ಮರಳಿನ ನಡುವೆ ಟೊಮೆಟೊ, ಸೌತೆ, ಸೊಪ್ಪುಗಳನ್ನು ಬೆಳೆದು ನಗರಕ್ಕೆ ಒದಗಿಸುವ ತೋಟಗಳು ಒಂದು. 1953ರಲ್ಲಿ ತೈಲ ದೊರೆತ, ಕುವೈತ್ ಮತ್ತು ಸೌದಿ ಅರೇಬಿಯಾಗಳು ಜಂಟಿಯಾಗಿ ಅನುಭವಿಸುವ ತೈಲಕ್ಷೇತ್ರ ಇನ್ನೊಂದು. 2015ರಲ್ಲಿ ಈ ಕ್ಷೇತ್ರದ ಉತ್ಪಾದನೆ ನಿಂತುಹೋಗಿತ್ತು. 2019ರ ಡಿಸೆಂಬರಿನ ಒಡಂಬಡಿಕೆಯ ನಂತರ, 2020ರಲ್ಲಿ ಮತ್ತೆ ಮೊದಲಾಯಿತು. ರಾಜಧಾನಿಯಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್.

ನೂರು ಕಿಲೋಮೀಟರ್ ಬೆಂಗಳೂರಿನವರಿಗೆ ದೊಡ್ಡ ದೂರವೇನಲ್ಲ. ಆದರೆ ಸ್ವಂತ ವಾಹನವಿಲ್ಲದೆ, ಕಂಪನಿಯ ವಸತಿಯಲ್ಲಿದ್ದು, ಪಾಳಿಯ ಲೆಕ್ಕದಲ್ಲಿ ದುಡಿಯುವವನಿಗೆ ಅದೇ ದೂರ ಬೇರೊಂದು ದೇಶದಷ್ಟಾಗುತ್ತದೆ. ಕುವೈತ್ ಕನ್ನಡ ಕೂಟದಂಥ ಸಂಘಗಳ ಚಟುವಟಿಕೆ ನಡೆಯುವುದು ಭಾರತೀಯರು ದಟ್ಟವಾಗಿ ನೆಲೆಸಿರುವ ನಗರದ ಕಡೆ. ವಫ್ರಾದಲ್ಲಿರುವವನ ಸಂಜೆ ಅವನ ಕೋಣೆಯಲ್ಲಿಯೇ ಕಳೆಯುತ್ತದೆ. ಓದುವ ಹವ್ಯಾಸವಿದ್ದವನಿಗೆ ಪುಸ್ತಕವೊಂದು ಸಾಕು, ಹಾಡುವವನಿಗೆ ಶ್ರುತಿಪೆಟ್ಟಿಗೆ ಸಾಕು. ಇಸ್ಪೀಟಿನ ಆಟದಲ್ಲಿ ಆಸಕ್ತಿ ಇದ್ದವನಿಗೆ ಮಾತ್ರ ಇನ್ನೂ ಮೂವರು ಬೇಕು. ಅಂಥವನೊಬ್ಬ ಆಟವನ್ನು ಹೊಸದಾಗಿ ಕಲಿತು, ಮಾನ್ಯತೆಯುಳ್ಳ ಸ್ಪರ್ಧೆಯೊಂದರಲ್ಲಿ ಕುಳಿತುಕೊಳ್ಳುವ ಅರ್ಹತೆಯನ್ನು ಪಡೆಯಲು ಸಾಧ್ಯವೇ? ಸಾಧ್ಯವೆಂಬುದೇ ಉತ್ತರ. ಆದರೆ ಹೊಸಬರು ಊಹಿಸುವ ಜಾಗದಲ್ಲಿ ತೊಡಕು ಇರುವುದಿಲ್ಲ. ಅಂಕ, ಶ್ರೇಯಾಂಕ, ಬಿರುದುಗಳೆಂದರೆ ಅರ್ಹತೆ ಎಂದು ಅವರು ತಿಳಿಯುತ್ತಾರೆ. ನಿಜವಾದ ಅರ್ಹತೆ ಎದುರು ಕುರ್ಚಿಯಲ್ಲಿ ಕುಳಿತುಕೊಳ್ಳಲು ಒಪ್ಪುವ ಒಬ್ಬ ಮನುಷ್ಯ.

ಆಟವನ್ನು ಆರಿಸಿಕೊಳ್ಳುವ ಮುನ್ನ

ಇಸ್ಪೀಟು ಎಂದೊಡನೆ ಕನ್ನಡಿಗರ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ದಿನ ಅರಳಿಕಟ್ಟೆಯ ಮೇಲೆ ನಡೆಯುವ ಆಟಕ್ಕೆ ಸಂಪ್ರದಾಯದ ಹೊದಿಕೆಯಿದ್ದರೂ, ಅಂದರ್ ಬಾಹರ್‌ನಲ್ಲಿ ಹೊಲ-ಮನೆ ಕಳೆದುಕೊಂಡವರ ಕಥೆ ಊರೂರಿನಲ್ಲಿದೆ. ಹೀಗಾಗಿ ಒಂದು ಭೇದವನ್ನು ಮೊದಲೇ ಸ್ಪಷ್ಟಪಡಿಸಬೇಕು. ಕುವೈತಿನಲ್ಲಿ ಜೂಜು ಕಾನೂನಿಗೆ ವಿರುದ್ಧ. ವಲಸಿಗನ ಪಾಲಿಗೆ ಅಲ್ಲಿ ಪಣಕ್ಕಿರುವುದು ಹತ್ತು ದಿನಾರ್ ಅಲ್ಲ, ನಿವಾಸ ಪರವಾನಗಿ, ಅಂದರೆ ಊರಿನಲ್ಲಿರುವ ಮನೆಯವರ ಅನ್ನ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯನ್ನು 'ಕೌಶಲದ ಆಟ' ಎಂಬ ಮಾತಿನಿಂದ ಸಮರ್ಥಿಸುವವರುಂಟು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿದ್ದು ನಿಜ. ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ ಹೇರಿದ್ದ ನಿಷೇಧವನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದೂ ನಿಜ. ಆದರೆ 2025ರಲ್ಲಿ ಭಾರತದ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ನಿಷೇಧಿಸುವ ಕಾಯಿದೆ ಮಾಡಿತು. ಅದೇನೇ ಇರಲಿ, ಕುವೈತಿನಲ್ಲಿ ಕುಳಿತವನಿಗೆ ಕುವೈತಿನ ಕಾನೂನೇ ಕಾನೂನು. ಈ ಲೇಖನದಲ್ಲಿ ಸ್ಪರ್ಧೆ ಎಂದರೆ ಪಣವಿಲ್ಲದ ಆಟ.

ಇಸ್ಪೀಟು ಆ ನಾಡಿಗೂ ಪರಕೀಯವಲ್ಲ. ಕುವೈತಿನ ಆಡುಮಾತಿನಲ್ಲಿ ಇಸ್ಪೀಟಿನ ಎಲೆಗಳಿಗೆ 'ಜಂಜಫಾ' ಎಂಬ ಹೆಸರಿದೆ. ಮೈಸೂರಿನವರಿಗೆ ಈ ಪದ ಕಿವಿಗೆ ಬಿದ್ದೊಡನೆ ನೆನಪಾಗುವುದು ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯಲ್ಲಿ ವಿವರಿಸಿದ ಛದ ಆಟಗಳಲ್ಲಿ ಒಂದಕ್ಕೆ 360 ಎಲೆಗಳು ಬೇಕಾಗಿದ್ದವು. ಅದನ್ನು ಆಡಿ ಮುಗಿಸಿದವರು ಯಾರೆಂದು ಕೇಳುವಂತಿಲ್ಲ! ಗಂಜೀಫಾ, ಜಂಜಫಾ ಎರಡೂ ಒಂದೇ ಪದದ ರೂಪಗಳು, ಪರ್ಷಿಯಾದ ಎರಡು ಕಡೆಗಳಿಗೆ ಹರಿದು ಹೋದಂಥವು.

ಕುವೈತಿಗಳ ದೀವಾನಿಯಗಳಲ್ಲಿ, ಎಂದರೆ ಗಂಡಸರು ಸಂಜೆ ಸೇರುವ ಹಜಾರಗಳಲ್ಲಿ, ಆಡುವ ಮುಖ್ಯ ಆಟ 'ಕೌತ್ ಬು ಸಿತ್ತಾ'. ಆರು ಜನ, ಮೂವರಂತೆ ಎರಡು ಪಕ್ಷ, ಇಬ್ಬರು ಜೋಕರ್‌ಗಳೂ ಸೇರಿ 54 ಎಲೆ, ತಲೆಗೆ ಒಂಬತ್ತು. ಗಡಿಯಾಚೆ ಸೌದಿಯಲ್ಲಿ 'ಬಲೂತ್' ಎಂಬ ಆಟಕ್ಕೆ ರಾಷ್ಟ್ರೀಯ ಆಟದ ಮರ್ಯಾದೆಯಿದೆ. 2018ರಲ್ಲಿ ರಿಯಾದಿನಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರವೇ ಅದರ ದೊಡ್ಡ ಸ್ಪರ್ಧೆಯನ್ನು ನಡೆಸಿತು. ದಕ್ಷಿಣ ಕನ್ನಡ, ಕಾಸರಗೋಡುಗಳ ಓದುಗರಿಗೆ ಇಲ್ಲೊಂದು ಕೌತುಕವಿದೆ. ಬಲೂತ್‌ನಲ್ಲಿ ತುರುಫಿನ ಬಣ್ಣದ ಎಲೆಗಳ ಹಿರಿಮೆ ಹೀಗೆ: ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ನಮ್ಮ 'ಇಪ್ಪತ್ತೆಂಟು' ಆಟದಲ್ಲಿಯೂ ಅಕ್ಷರಶಃ ಇದೇ ಕ್ರಮ, ಅದೇ 32 ಎಲೆ, ಅದೇ ಎಂಟೆಂಟು ಹಂಚಿಕೆ. ಎಲೆಗಳ ಬೆಲೆ ಮಾತ್ರ ಬೇರೆ. ಐರೋಪ್ಯ ಮೂಲದ ಒಂದೇ ಕುಟುಂಬದ ಆಟಗಳಿವು. ಇಪ್ಪತ್ತೆಂಟು ಬಲ್ಲ ಬಂಟ್ವಾಳದವನೊಬ್ಬ ಬಲೂತ್‌ನ ಮೇಜಿನ ಬಳಿ ನಿಂತರೆ, ಭಾಷೆ ತಿಳಿಯದಿದ್ದರೂ ಆಟ ತಿಳಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ಈ ಆಟಗಳ ಸ್ಪರ್ಧೆಗಳು ಪರಿಚಯದ ಮೇಲೆ, ದೀವಾನಿಯದ ನಂಟಿನ ಮೇಲೆ ನಡೆಯುವಂಥವು. ಹೊರಗಿನ ಒಂಟಿ ಆಟಗಾರ ಅಲ್ಲಿ ಅತಿಥಿಯಾಗಬಲ್ಲ, ಅಭ್ಯರ್ಥಿಯಾಗುವುದು ಕಷ್ಟ.

ಯುವಕರು ಕೇಳುವ ಇನ್ನೊಂದು ವರ್ಗದ ಆಟಗಳಿವೆ: 1993ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮ್ಯಾಜಿಕ್, 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಪೋಕೆಮಾನ್ ಮುಂತಾದವು. ಇವುಗಳಲ್ಲಿ ಎಲೆಗಳನ್ನು ಆಟಗಾರನೇ ಕೊಂಡು ತನ್ನ ಕಟ್ಟನ್ನು ಜೋಡಿಸಿಕೊಳ್ಳಬೇಕು. ಪೋಕೆಮಾನ್‌ನ ವಿಶ್ವಸ್ಪರ್ಧೆಗೆ ಬೇಕಾದ ಅಂಕಗಳು ಅಧಿಕೃತ ಸ್ಥಳೀಯ ಪಂದ್ಯಗಳಿಂದ ಮೊದಲಾಗಿ ಮೇಲಿನ ಹಂತದ ಪಂದ್ಯಗಳವರೆಗೆ, ಮುಖಾಮುಖಿಯಾಗಿ ಆಡಿಯೇ ಬರಬೇಕು. ಹತ್ತಿರದಲ್ಲಿ ಅಂಥ ಅಂಗಡಿಯಿಲ್ಲದವನಿಗೆ ಆ ಏಣಿಯ ಮೊದಲ ಮೆಟ್ಟಿಲೇ ಇಲ್ಲ. ಮ್ಯಾಜಿಕ್‌ನ ಅರೀನಾ ಎಂಬ ಗಣಕ ರೂಪದಲ್ಲಿ ಮನೆಯಿಂದಲೇ ಆಡಿ ಅರ್ಹತಾ ಪಂದ್ಯಕ್ಕೆ ಏರಬಹುದು. ತಿಂಗಳ ಕೊನೆಗೆ ಅತ್ಯುನ್ನತ ವರ್ಗದ ಮೊದಲ 250 ಸ್ಥಾನದೊಳಗಿರುವವರಿಗೆ ಆಹ್ವಾನ ನೀಡುವ ಕ್ರಮ ಇತ್ತೀಚಿನ ವರ್ಷಗಳಲ್ಲಿ ರೂಢಿಯಲ್ಲಿದೆ. ನಿಯಮಗಳು ಪದೇ ಪದೇ ಬದಲಾಗುವುದರಿಂದಲೂ, ಯಾವ ದೇಶದ ನಿವಾಸಿಗಳು ಭಾಗವಹಿಸಬಹುದೆಂಬ ಪಟ್ಟಿ ಇರುವುದರಿಂದಲೂ ಅದನ್ನು ನೋಡಿಯೇ ಮುಂದುವರಿಯಬೇಕು.

ಇವೆಲ್ಲವನ್ನೂ ತೂಗಿದರೆ ದೂರದಲ್ಲಿರುವ, ಕಡಿಮೆ ಖರ್ಚಿನಲ್ಲಿ ಆಡಬಯಸುವ ಆಟಗಾರನಿಗೆ ನಿಜವಾಗಿ ತೆರೆದ ದಾರಿಯಿರುವುದು ಕಾಂಟ್ರ್ಯಾಕ್ಟ್ ಬ್ರಿಡ್ಜ್‌ನಲ್ಲಿ. 52 ಎಲೆಗಳ ಸಾಮಾನ್ಯ ಕಟ್ಟು, ವಯಸ್ಸಿನ ಮಿತಿಯಿಲ್ಲ, ಜಗತ್ತಿನ ಎಲ್ಲೆಡೆ ಒಂದೇ ನಿಯಮ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಪದಕದ ಆಟವಾದಾಗ ಪುರುಷರ ಜೋಡಿ ವಿಭಾಗದ ಚಿನ್ನ ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಅವರಿಗೆ ಸಂದಿತು. ಆಗ ಒಬ್ಬರಿಗೆ 60, ಇನ್ನೊಬ್ಬರಿಗೆ 56. ಮುಂದೆ ಹಾಂಗ್‌ಝೌ ಕೂಟದಲ್ಲಿ ಭಾರತದ ಪುರುಷರ ತಂಡ ಬೆಳ್ಳಿ ಗೆದ್ದಿತು.

ಒಂದೇ ಹಂಚಿಕೆ, ಹಲವು ಮೇಜು

ಬ್ರಿಡ್ಜ್‌ನ ಇಂದಿನ ರೂಪಕ್ಕೆ ಹೆರಾಲ್ಡ್ ವ್ಯಾಂಡರ್ಬಿಲ್ಟ್ 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದ ಅಂಕಪದ್ಧತಿ ಆಧಾರ. ನಾಲ್ವರಲ್ಲಿ ಎದುರುಬದುರು ಕುಳಿತ ಇಬ್ಬರು ಜೊತೆಗಾರರು. ತಲೆಗೆ 13 ಎಲೆ. ಮೊದಲು ಹರಾಜು: ಯಾವ ಬಣ್ಣವನ್ನು ತುರುಫಾಗಿ ಇಟ್ಟುಕೊಂಡು, ಅಥವಾ ತುರುಫೇ ಇಲ್ಲದೆ, ಎಷ್ಟು ಟ್ರಿಕ್ ಗೆಲ್ಲುವೆವೆಂದು ಕೂಗುವುದು. ಅತ್ಯಧಿಕ ಕೂಗು ಒಪ್ಪಂದವಾಗುತ್ತದೆ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್. ಒಪ್ಪಂದ ಪಡೆದವನ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ಆಡುವವನೊಬ್ಬನೇ ಇಬ್ಬರ ಎಲೆಗಳನ್ನೂ ಆಡಿಸುತ್ತಾನೆ.

ಒಬ್ಬ ಆಟಗಾರನ ಕೈಗೆ ಬರಬಹುದಾದ 13 ಎಲೆಗಳ ಸಂಯೋಜನೆಗಳು 63,501 ಕೋಟಿಗೂ ಮಿಕ್ಕಿವೆ. ಇಷ್ಟು ವೈವಿಧ್ಯವಿರುವಾಗ ಒಳ್ಳೆಯ ಎಲೆ ಬಂದವನು ಗೆಲ್ಲುವುದರಲ್ಲಿ ಹೆಚ್ಚುಗಾರಿಕೆಯೇನು ಎಂಬ ಪ್ರಶ್ನೆ ಏಳುತ್ತದೆ. ಸ್ಪರ್ಧೆಯ ಬ್ರಿಡ್ಜ್ ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನೇ, ಅದೇ ದಿಕ್ಕಿನಲ್ಲಿ ಕುಳಿತವರಿಗೆ, ಬೇರೆ ಎಲ್ಲ ಮೇಜುಗಳಲ್ಲಿಯೂ ಕೊಡಲಾಗುತ್ತದೆ. ಎಲೆಗಳು ಬೋರ್ಡ್ ಎಂಬ ನಾಲ್ಕು ಗೂಡಿನ ತಟ್ಟೆಯಲ್ಲಿ ಮೇಜಿನಿಂದ ಮೇಜಿಗೆ ಸಾಗುತ್ತವೆ. ನಮ್ಮ ಹೋಲಿಕೆ ಎದುರಾಳಿಗಳೊಂದಿಗಲ್ಲ, ಬೇರೆ ಮೇಜುಗಳಲ್ಲಿ ನಮ್ಮದೇ ಎಲೆಗಳನ್ನು ಹಿಡಿದು ಕುಳಿತವರೊಂದಿಗೆ.

ಉದಾಹರಣೆಗೆ ಎಂಟು ಮೇಜುಗಳ ಪಂದ್ಯ. ಒಂದು ಬೋರ್ಡಿನಲ್ಲಿ ಉತ್ತರ-ದಕ್ಷಿಣ ಕುಳಿತ ಐದು ಜೋಡಿಗಳು ನಾಲ್ಕು ಇಸ್ಪೀಟಿನ ಒಪ್ಪಂದದಲ್ಲಿ ಹತ್ತು ಟ್ರಿಕ್ ಗೆದ್ದು 420 ಅಂಕ ಪಡೆದರು. ಎರಡು ಜೋಡಿಗಳು ಅದೇ ಒಪ್ಪಂದದಲ್ಲಿ ಹನ್ನೊಂದು ಗೆದ್ದು 450. ಒಂದು ಜೋಡಿ ತುರುಫಿಲ್ಲದ ಮೂರರ ಒಪ್ಪಂದದಲ್ಲಿ ಹತ್ತು ಟ್ರಿಕ್ ಗೆದ್ದು 430. ಜೋಡಿಗಳ ಸ್ಪರ್ಧೆಯಲ್ಲಿ ಸೋಲಿಸಿದ ಪ್ರತಿ ಜೋಡಿಗೆ ಎರಡು, ಸರಿಸಮನಾದುದಕ್ಕೆ ಒಂದು ಅಂಕ. ಹಾಗಾಗಿ 450ರವರಿಗೆ 13, 430ರವರಿಗೆ 10, 420ರ ಐವರಿಗೂ ಕೇವಲ 4. ಹೆಚ್ಚುವರಿ ಒಂದು ಟ್ರಿಕ್ಕಿಗೆ ಇಷ್ಟು ಬೆಲೆ! ತಂಡಗಳ ಪಂದ್ಯದಲ್ಲಿ ಲೆಕ್ಕ ಬೇರೆ. ಅಲ್ಲಿ ಎರಡು ಮೇಜುಗಳ ವ್ಯತ್ಯಾಸವನ್ನು ಐಎಂಪಿ ಎಂಬ ಮಾನಕ್ಕೆ ಇಳಿಸಲಾಗುತ್ತದೆ. 450 ಮತ್ತು 420ರ ನಡುವಣ ವ್ಯತ್ಯಾಸಕ್ಕೆ ಸಿಗುವುದು ಒಂದೇ ಐಎಂಪಿ. ಆದರೆ ಒಬ್ಬರು 420 ಗಳಿಸಿದ ಒಪ್ಪಂದದಲ್ಲಿ ಇನ್ನೊಬ್ಬರು ಒಂದು ಟ್ರಿಕ್ ಕಡಿಮೆಯಾಗಿ 50 ಕಳೆದುಕೊಂಡರೆ ಹತ್ತು ಐಎಂಪಿ. ಆದ್ದರಿಂದ ಜೋಡಿಗಳ ಪಂದ್ಯದಲ್ಲಿ ಆಸೆಯೂ, ತಂಡದ ಪಂದ್ಯದಲ್ಲಿ ಎಚ್ಚರವೂ ಫಲಿಸುತ್ತವೆ. ಹೊಸಬರು ಒಂದನ್ನು ಇನ್ನೊಂದರಂತೆ ಆಡಿ ಸೋಲುವುದು ಸಾಮಾನ್ಯ.

ಒಂಟಿ ಆಟಗಾರನಿಗೆ ಈ ಪದ್ಧತಿಯಿಂದ ಆಗುವ ಉಪಕಾರ ದೊಡ್ಡದು. ಹಂಚಿಕೆ ಸಮಾನವಾದ ಮೇಲೆ, ಸಾವಿರಾರು ಮೈಲಿ ದೂರದ ಅಪರಿಚಿತ ತಾನು ಹಿಡಿದ ಎಲೆಗಳನ್ನೇ ಹೇಗೆ ಆಡಿದನೆಂದು ಅವನು ನೋಡಬಲ್ಲ. ಗುರುವಿಲ್ಲದಿದ್ದರೂ ಅಳತೆಗೋಲು ಇದೆ.

ಮೂರು ಬಗೆಯ ಬಾಗಿಲು

ಬ್ರಿಡ್ಜ್ ಸ್ಪರ್ಧೆಗಳಲ್ಲಿ 'ಅರ್ಹತೆ' ಎಂಬ ಮಾತು ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಇವುಗಳನ್ನು ಬೆರಸಿಕೊಂಡು ಗೊಂದಲಪಟ್ಟವರು ಅನೇಕರು.

ಮೊದಲನೆಯದು ಮಾಸ್ಟರ್ ಪಾಯಿಂಟ್. ಅಧಿಕೃತ ಪಂದ್ಯಗಳಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಒಕ್ಕೂಟಗಳು ನೀಡುವ ಅಂಕಗಳಿವು. ಒಮ್ಮೆ ಬಂದದ್ದು ಕಳೆಯುವುದಿಲ್ಲ, ಕೂಡುತ್ತ ಹೋಗುತ್ತದೆ. ಅಮೆರಿಕದಲ್ಲಿರುವ ಓದುಗರಿಗೆ ಅಲ್ಲಿನ ಎಸಿಬಿಎಲ್ ಒಕ್ಕೂಟದ ಬಣ್ಣದ ಅಂಕಗಳು ಪರಿಚಿತವಿರಬಹುದು: ಕ್ಲಬ್ಬಿನಲ್ಲಿ ಕಪ್ಪು, ಸೆಕ್ಷನಲ್ ಪಂದ್ಯಗಳಲ್ಲಿ ಬೆಳ್ಳಿ, ರೀಜನಲ್ ಪಂದ್ಯಗಳಲ್ಲಿ ಕೆಂಪು ಮತ್ತು ಚಿನ್ನ. 'ಲೈಫ್ ಮಾಸ್ಟರ್' ಎಂಬ ಬಿರುದಿಗೆ ಬರಿಯ ಮೊತ್ತ ಸಾಲದು, ಬಣ್ಣಗಳೂ ಬೇಕು. ಭಾರತೀಯ ಬ್ರಿಡ್ಜ್ ಒಕ್ಕೂಟವೂ ತನ್ನದೇ ಮಾಸ್ಟರ್ ಪಾಯಿಂಟುಗಳನ್ನು ನೀಡುತ್ತದೆ. ಆದರೆ ಈ ಅಂಕಗಳು ಆಟಗಾರನ ಅನುಭವದ ದಾಖಲೆಯೇ ಹೊರತು ಬಹುಪಾಲು ಸ್ಪರ್ಧೆಗಳಿಗೆ ಪ್ರವೇಶಪತ್ರವಲ್ಲ. ಅಂಕ ಸೊನ್ನೆಯಿದ್ದವನೂ ಮುಕ್ತ ವಿಭಾಗದ ದೊಡ್ಡ ಸ್ಪರ್ಧೆಗೆ ಹೆಸರು ಕೊಡಬಹುದು. ಚದುರಂಗದಿಂದ ಬಂದವರಿಗೆ ಇದು ನಂಬಲು ಕಷ್ಟ.

ಎರಡನೆಯದು ಸ್ಪರ್ಧೆಯೊಳಗಿನ ಅರ್ಹತೆ. ಭಾರತದ ಚಳಿಗಾಲದ ರಾಷ್ಟ್ರೀಯ ಸ್ಪರ್ಧೆಯನ್ನೇ ನೋಡೋಣ. ರೂಯಿಯಾ ಟ್ರೋಫಿ ಅದರ ಮುಕುಟ. ಇಂಥ ಸ್ಪರ್ಧೆಗಳಲ್ಲಿ ಎಲ್ಲ ತಂಡಗಳೂ ಮೊದಲ ದಿನಗಳಲ್ಲಿ ಆಡುತ್ತವೆ. ನಿಗದಿತ ಸಂಖ್ಯೆಯ ತಂಡಗಳು ನಾಕೌಟ್ ಹಂತಕ್ಕೇರುತ್ತವೆ. ಇಲ್ಲಿ ಹೊಸಬನೂ ಹಳಬನೂ ಒಂದೇ ಕೋಣೆಯಲ್ಲಿರುತ್ತಾರೆ. ಏಷ್ಯನ್ ಕೂಟದ ಪದಕ ವಿಜೇತ ಮುಂದಿನ ಮೇಜಿಗೆ ಬಂದು ಕುಳಿತು ನಮಸ್ಕಾರ ಹೇಳುವುದು ಅಸಂಭವವೇನಲ್ಲ. ಬೇರಾವ ಆಟದಲ್ಲಿ ಇಂಥ ಅವಕಾಶವಿದೆ?

ಮೂರನೆಯದು ದೇಶವನ್ನು ಪ್ರತಿನಿಧಿಸುವ ಅರ್ಹತೆ. ವಿಶ್ವ ಬ್ರಿಡ್ಜ್ ಒಕ್ಕೂಟ 1958ರಲ್ಲಿ ಸ್ಥಾಪನೆಯಾಯಿತು. ಅದು ಜಗತ್ತನ್ನು ವಲಯಗಳಾಗಿ ವಿಂಗಡಿಸಿದೆ. ಭಾರತವೂ ಕೊಲ್ಲಿ ದೇಶಗಳೂ ನಾಲ್ಕನೆಯ ವಲಯದ ವ್ಯಾಪ್ತಿಗೆ ಬರುತ್ತವೆ. 1950ರಲ್ಲಿ ಆರಂಭವಾದ ಬರ್ಮುಡಾ ಬೌಲ್ ಅತ್ಯುನ್ನತ ತಂಡಸ್ಪರ್ಧೆ; 2019ರಲ್ಲಿ ವುಹಾನಿನಲ್ಲಿ ಅದರಲ್ಲಿ ಆಡಿದವು 24 ತಂಡಗಳು. ಅಲ್ಲಿಗೆ ಹೋಗಬೇಕಾದರೆ ದೇಶದೊಳಗಿನ ಆಯ್ಕೆ ಪಂದ್ಯಗಳಲ್ಲಿ ತಂಡವಾಗಿ ಗೆದ್ದು, ಬಳಿಕ ವಲಯದ ಸ್ಪರ್ಧೆಯಲ್ಲಿ ಸ್ಥಾನ ಗಳಿಸಬೇಕು. ಒಲಿಂಪಿಕ್ ಪರಂಪರೆಯ ಏಷ್ಯನ್ ಕೂಟಕ್ಕೆ ಪೌರತ್ವ ಅನಿವಾರ್ಯ. ಕುವೈತಿನಲ್ಲಿ ಮೂವತ್ತು ವರ್ಷ ದುಡಿದರೂ ಭಾರತದ ಪಾಸ್‌ಪೋರ್ಟ್ ಉಳ್ಳವನು ಅಲ್ಲಿ ಭಾರತದ ಆಟಗಾರನೇ, ಮತ್ತು ಅವನ ಆಯ್ಕೆಯ ದಾರಿ ಭಾರತದ ಆಯ್ಕೆ ಪಂದ್ಯಗಳ ಮೂಲಕವೇ.

ಈ ಮೂರನೆಯ ಬಾಗಿಲನ್ನು ಕಂಡು ಹೊಸಬರು ಹಿಂದೆ ಸರಿಯುತ್ತಾರೆ. ಪಕ್ಕದಲ್ಲಿಯೇ ಇನ್ನೊಂದು ಕಿರುಬಾಗಿಲು ತೆರೆದಿದೆ. ಬರ್ಮುಡಾ ಬೌಲ್ ನಡೆಯುವ ಊರಿನಲ್ಲಿಯೇ, 1997ರ ಹಮ್ಮಾಮೆತ್ ಕೂಟದಿಂದ ಮೊದಲ್ಗೊಂಡು, 'ಟ್ರಾನ್ಸ್‌ನ್ಯಾಷನಲ್' ತಂಡಗಳ ವಿಶ್ವಸ್ಪರ್ಧೆಯೊಂದು ನಡೆದುಬಂದಿದೆ. ಅದರಲ್ಲಿ ತಂಡದ ಸದಸ್ಯರು ಒಂದೇ ದೇಶದವರಾಗಿರಬೇಕಿಲ್ಲ, ದೇಶದ ಆಯ್ಕೆಯೂ ಬೇಕಿಲ್ಲ. ತಮ್ಮ ತಮ್ಮ ರಾಷ್ಟ್ರೀಯ ಒಕ್ಕೂಟದಲ್ಲಿ ಸದಸ್ಯತ್ವ ಸರಿಯಾಗಿದ್ದು, ಪ್ರವೇಶ ಶುಲ್ಕ ತೆತ್ತರಾಯಿತು. ಕುವೈತಿನ ಒಬ್ಬ, ಮಸ್ಕತ್ತಿನ ಒಬ್ಬ, ಡಲ್ಲಾಸಿನ ಒಬ್ಬ, ಮೈಸೂರಿನ ಒಬ್ಬ ಸೇರಿ ಕನ್ನಡದಲ್ಲಿಯೇ ಮಾತನಾಡಿಕೊಳ್ಳುವ ತಂಡವೊಂದನ್ನು ಕಟ್ಟಲು ನಿಯಮದ ಅಡ್ಡಿಯೇನೂ ಇಲ್ಲ. ಆದರೆ ಕೂಗಾಟದ ಹೊತ್ತಿನಲ್ಲಿ ಯಾವ ಭಾಷೆಯಲ್ಲಿಯೂ ಮಾತನಾಡುವಂತಿಲ್ಲವೆಂಬುದು ನೆನಪಿರಲಿ.

ಒಬ್ಬನೇ ಕಲಿಯುವ ಬಗೆ

2001ರ ಸುಮಾರಿಗೆ ಕೆನಡಾ ಮೂಲದ ಆಟಗಾರ ಫ್ರೆಡ್ ಗಿಟೆಲ್‌ಮನ್ ಆರಂಭಿಸಿದ ಬ್ರಿಡ್ಜ್ ಬೇಸ್ ಆನ್‌ಲೈನ್ ಈ ಆಟದ ಭೂಗೋಳವನ್ನು ಬದಲಿಸಿತು. ಅಲ್ಲಿ ಉಚಿತವಾಗಿ ಆಡಬಹುದು. ಮ್ಯಾಥ್ಯೂ ಗಿನ್ಸ್‌ಬರ್ಗ್ ರೂಪಿಸಿದ 'ಗಿಬ್' ಎಂಬ ಯಂತ್ರ ಆಟಗಾರರು ಉಳಿದ ಮೂರು ಕುರ್ಚಿಗಳನ್ನು ತುಂಬುತ್ತಾರೆ. ವಫ್ರಾದ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ ಬಂದವನಿಗೂ ಮೂವರು ಜೊತೆ ಸಿಕ್ಕಂತಾಯಿತು.

ಮೊದಲ ಎರಡು-ಮೂರು ತಿಂಗಳು ಯಂತ್ರಗಳ ಜೊತೆ ಆಡುವುದು ಹಿತ. ಎಲೆ ಎಣಿಸುವ ಅಭ್ಯಾಸ ಆಗ ಬೆಳೆಯುತ್ತದೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1: ಕಟ್ಟಿನಲ್ಲಿ ಒಟ್ಟು 40 ಅಂಕ. ಹರಾಜನ್ನು ಆರಂಭಿಸಲು ಸಾಮಾನ್ಯವಾಗಿ 12 ಅಥವಾ 13 ಬೇಕು. ಇಬ್ಬರ ಎಲೆ ಸೇರಿ 25ರ ಆಸುಪಾಸಿಗೆ ಬಂದರೆ ದೊಡ್ಡ ಒಪ್ಪಂದಕ್ಕೆ ಕೈ ಹಾಕಬಹುದು. ಸಂಭಾವ್ಯತೆಯ ಕೆಲವು ಅಂಕಿಗಳು ಬಾಯಿಪಾಠವಾಗಿರಬೇಕು. ಒಂದು ಬಣ್ಣದಲ್ಲಿ ಎದುರಾಳಿಗಳ ಬಳಿ ಐದು ಎಲೆಗಳಿದ್ದರೆ ಅವು 3-2 ಆಗಿ ಹಂಚಿರುವ ಸಾಧ್ಯತೆ ಶೇ. 68, ನಾಲ್ಕು ಎಲೆಗಳಿದ್ದರೆ 2-2 ಆಗಿರುವುದು ಶೇ. 41 ಮಾತ್ರ, 3-1 ಆಗಿರುವುದೇ ಹೆಚ್ಚು, ಶೇ. 50ರ ಹತ್ತಿರ. ಸಮಸಂಖ್ಯೆ ಸಮನಾಗಿ ಒಡೆಯುತ್ತದೆಂದು ಮನಸ್ಸು ಹೇಳುತ್ತದೆ, ಗಣಿತ ಒಪ್ಪುವುದಿಲ್ಲ.

ಪುಸ್ತಕಗಳ ಪೈಕಿ ಲೂಯಿ ವಾಟ್ಸನ್ 1934ರಲ್ಲಿ ಎಲೆ ಆಡುವ ಕ್ರಮದ ಮೇಲೆ ಬರೆದ ಗ್ರಂಥಕ್ಕೂ, ಹ್ಯೂ ಕೆಲ್ಸಿ 1966ರಲ್ಲಿ ರಕ್ಷಣೆಯ ಆಟದ ಮೇಲೆ ಬರೆದುದಕ್ಕೂ ಇಂದಿಗೂ ಬೆಲೆಯಿದೆ. ಕನ್ನಡದಲ್ಲಿ ಮಾತ್ರ ಈ ಆಟದ ಬಗ್ಗೆ ಬರಹ ಬಹು ವಿರಳ. ಕ್ಲಬ್ಬಿನ ಆಟ, ಇಂಗ್ಲಿಷ್ ಬಲ್ಲವರ ಆಟ ಎಂಬ ಹಣೆಪಟ್ಟಿ ಅಂಟಿಕೊಂಡದ್ದೇ ಇದಕ್ಕೆ ಕಾರಣವಿರಬೇಕು. ಇಪ್ಪತ್ತೆಂಟನ್ನು ಲೀಲೆಯಂತೆ ಆಡುವ ಒಬ್ಬ ಲಾರಿ ಚಾಲಕನ ನೆನಪಿನ ಶಕ್ತಿಯನ್ನು ಕಂಡವರು ಆ ಹಣೆಪಟ್ಟಿಯನ್ನು ಒಪ್ಪಲಾರರು.

ಯಂತ್ರಗಳ ಸಹವಾಸಕ್ಕೆ ಮಿತಿ ಹಾಕಿಕೊಳ್ಳುವುದೂ ಅಗತ್ಯ. ಯಂತ್ರಕ್ಕೆ ತನ್ನದೇ ಕೂಗಿನ ಪದ್ಧತಿಯಿದೆ. ಅದು ಬೇಸರಪಡುವುದಿಲ್ಲ, ಸಂಶಯಪಡುವುದಿಲ್ಲ, ತಪ್ಪಾದಾಗ ಏಕೆ ಹೀಗೆ ಮಾಡಿದೆ ಎಂದು ಕೇಳುವುದಿಲ್ಲ. ವರ್ಷಗಟ್ಟಲೆ ಯಂತ್ರಗಳೊಂದಿಗೆ ಮಾತ್ರ ಆಡಿದವನು ಮನುಷ್ಯರ ನಡುವೆ ಕುಳಿತಾಗ ತನ್ನ ಆಟವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಎದುರು ಕುರ್ಚಿಯವನು

ಬ್ರಿಡ್ಜ್ ಒಬ್ಬನ ಆಟವಲ್ಲ. ಪ್ರವೇಶಪತ್ರದಲ್ಲಿ ಎರಡು ಹೆಸರು ಬೇಕು, ತಂಡವಾದರೆ ಕನಿಷ್ಠ ನಾಲ್ಕು. ವಿಶ್ವಮಟ್ಟದ ಜೋಡಿಗಳು ಅನೇಕ ವರ್ಷಗಳ ಜೊತೆಯಾಟದಿಂದ ರೂಪುಗೊಂಡವು. ಜಕಾರ್ತಾದಲ್ಲಿ ಗೆದ್ದ ಬರ್ಧನ್ ಮತ್ತು ಸರ್ಕಾರ್ ಕೂಡ ಅಂದು ಮೊದಲ ಬಾರಿ ಜೊತೆ ಕುಳಿತವರಲ್ಲ. ಹರಾಜಿನಲ್ಲಿ ಒಬ್ಬ ಕೂಗುವ ಪ್ರತಿ ಮಾತೂ ಇನ್ನೊಬ್ಬನಿಗೆ ಸಂದೇಶ. ಆ ಸಂದೇಶಗಳ ಅರ್ಥವನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡು, ಎದುರಾಳಿಗಳಿಗೂ ತಿಳಿಯುವಂತೆ ಕನ್ವೆನ್ಶನ್ ಕಾರ್ಡ್ ಎಂಬ ಹಾಳೆಯಲ್ಲಿ ಬರೆದಿಡಬೇಕು. ಗುಟ್ಟಿನ ಒಪ್ಪಂದಕ್ಕೆ ಇಲ್ಲಿ ಸ್ಥಳವಿಲ್ಲ.

ಜೊತೆಗಾರನನ್ನು ಹುಡುಕುವಾಗ ತನಗಿಂತ ಬಹಳ ಬಲಶಾಲಿಯಾದವನನ್ನು ಅರಸುವುದು ಹೊಸಬರ ಸಹಜ ಆಸೆ. ಈ ಲೇಖಕನ ಅಭಿಪ್ರಾಯದಲ್ಲಿ ಅದು ಸಲ್ಲದು. ತನ್ನದೇ ಮಟ್ಟದ, ಆದರೆ ಗಡಿಯಾರಕ್ಕೆ ನಿಷ್ಠನಾದ ಮನುಷ್ಯ ಹೆಚ್ಚು ಬೆಲೆಯುಳ್ಳವನು. ವಾರಕ್ಕೆ ಎರಡು ಸಂಜೆ ನಿಶ್ಚಿತ ಸಮಯಕ್ಕೆ ಬಂದು ಕುಳಿತು, 16 ಬೋರ್ಡ್ ಆಡಿ, ಬಳಿಕ ಅರ್ಧ ಗಂಟೆ ಜಗಳವಿಲ್ಲದೆ ಚರ್ಚಿಸಬಲ್ಲವನು ಸಿಕ್ಕರೆ ಆರು ತಿಂಗಳಲ್ಲಿ ಇಬ್ಬರೂ ಸ್ಪರ್ಧೆಗೆ ಸಿದ್ಧರಾಗಬಲ್ಲರು. ಆರಂಭದಲ್ಲಿ ಕೂಗಿನ ಪದ್ಧತಿ ಸರಳವಾಗಿದ್ದಷ್ಟೂ ಒಳ್ಳೆಯದು. ಎರಡು ಪುಟಕ್ಕೆ ಮೀರಿದ ಒಪ್ಪಂದಗಳನ್ನು ದಣಿದ ಮನಸ್ಸು ಮರೆಯುತ್ತದೆ.

ಎಲ್ಲಿ ಹುಡುಕುವುದು? ಊರಿನ ಕಡೆಗೇ ಮೊದಲು ನೋಡಬೇಕು. ಕುವೈತಿನ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ರಾತ್ರಿ ಎಂಟಕ್ಕೆ ಆರಂಭವಾಗುವ ಆಟ ವಫ್ರಾದಲ್ಲಿ ಸಂಜೆ ಐದೂವರೆಗೆ. ಬೆಳಗಿನ ಪಾಳಿಯವನಿಗೆ ಇದು ಹೇಳಿ ಮಾಡಿಸಿದ ಹೊತ್ತು. ಅಮೆರಿಕದ ಪೂರ್ವ ತೀರದ ಗೆಳೆಯನೊಂದಿಗೆ ಆಡಬೇಕೆಂದರೆ ಅವನ ಮಧ್ಯಾಹ್ನಕ್ಕೂ ಇವನ ರಾತ್ರಿಗೂ ಹೊಂದಿಸಬೇಕು, ಅದು ವಾರದ ರಜೆಯಲ್ಲಿ ಮಾತ್ರ ಸಾಧ್ಯ. ಕುವೈತಿನ ರಜೆ ಶುಕ್ರವಾರ ಮತ್ತು ಶನಿವಾರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕರ್ನಾಟಕ ಸ್ಟೇಟ್ ಬ್ರಿಡ್ಜ್ ಅಸೋಸಿಯೇಷನ್ ಮೂಲಕ ರಾಜ್ಯದ ಆಟಗಾರರ ಸಂಪರ್ಕ ದೊರೆಯುತ್ತದೆ. ಕೊಲ್ಲಿಯ ಕನ್ನಡ ಸಂಘಗಳಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಎಂಜಿನಿಯರು, ಬ್ಯಾಂಕಿನವರು, ವೈದ್ಯರಲ್ಲಿ ವಿದ್ಯಾರ್ಥಿ ದೆಸೆಯಲ್ಲಿ ಹಾಸ್ಟೆಲಿನಲ್ಲಿ ಬ್ರಿಡ್ಜ್ ಆಡಿದವರು ಖಂಡಿತ ಇರುತ್ತಾರೆ. ಅವರನ್ನು ಯಾರೂ ಕೇಳಿಲ್ಲವಷ್ಟೆ.

ದೂರದಿಂದ ಆಡುವವನು ಎದುರಿಸಬೇಕಾದ ಇನ್ನೊಂದು ಸಂಗತಿ ಅನುಮಾನ. 2015ರಲ್ಲಿ ನಾರ್ವೆಯ ಬೊಯೆ ಬ್ರೊಗೆಲಾಂಡ್ ಅಗ್ರಶ್ರೇಣಿಯ ಕೆಲವು ಜೋಡಿಗಳು ಮೇಜಿನಲ್ಲಿ ಗುಪ್ತ ಸಂಕೇತಗಳನ್ನು ಬಳಸುತ್ತಿದ್ದುದನ್ನು ಬಯಲಿಗೆಳೆದಾಗ ಬ್ರಿಡ್ಜ್ ಲೋಕ ತತ್ತರಿಸಿತು. 2020ರಲ್ಲಿ ಸಾಂಕ್ರಾಮಿಕದಿಂದಾಗಿ ಆಟವೆಲ್ಲ ಅಂತರ್ಜಾಲಕ್ಕೆ ಬಂದ ಮೇಲೆ, ಇನ್ನೊಂದು ಹೆಸರಿನಿಂದ ಒಳಹೊಕ್ಕು ಎಲ್ಲರ ಎಲೆಗಳನ್ನೂ ನೋಡುವ ಹೊಸ ಬಗೆಯ ವಂಚನೆ ಕಾಣಿಸಿಕೊಂಡಿತು. ಮಹತ್ವದ ಸ್ಪರ್ಧೆಗಳ ಕೊನೆಯ ಹಂತಗಳನ್ನು ಮುಖಾಮುಖಿಯಾಗಿಯೇ ನಡೆಸಬೇಕೆಂಬ ಒತ್ತಾಯಕ್ಕೆ ಇದೂ ಒಂದು ಕಾರಣ. ಯಾರಿಗೂ ಪರಿಚಯವಿಲ್ಲದ ಒಬ್ಬ ಹಠಾತ್ತನೆ ಗೆಲ್ಲತೊಡಗಿದರೆ ಜನ ಅವನ ಆಟವನ್ನು ಮೆಚ್ಚುವ ಮೊದಲು ಪರೀಕ್ಷಿಸುತ್ತಾರೆ. ಅದರಲ್ಲಿ ನೊಂದುಕೊಳ್ಳುವಂಥದೇನೂ ಇಲ್ಲ. ನಿಜವಾದ ಹೆಸರಿನಲ್ಲಿ, ಒಂದೇ ಖಾತೆಯಿಂದ, ಒಬ್ಬನೇ ಕೋಣೆಯಲ್ಲಿ ಕುಳಿತು ಆಡುವುದು ಇದಕ್ಕೆ ಉತ್ತರ. ಸಹಕೋಣೆಯವರು ಹಿಂದೆ ನಿಂತು ನೋಡುವ ವಸತಿಗಳಲ್ಲಿ ಕೊನೆಯ ನಿಯಮವೇ ಅತಿ ಕಠಿಣ.

ರಜೆಯ ಲೆಕ್ಕ

ಅಂತರ್ಜಾಲ ಎಷ್ಟೇ ನೆರವಾದರೂ ಒಂದಲ್ಲ ಒಂದು ದಿನ ಮೇಜಿಗೆ ಹೋಗಲೇಬೇಕು. ಕುವೈತಿನ 2010ರ ಕಾರ್ಮಿಕ ಕಾಯಿದೆಯಂತೆ ಖಾಸಗಿ ವಲಯದ ನೌಕರನಿಗೆ ವರ್ಷಕ್ಕೆ 30 ದಿನಗಳ ಸಂಬಳಸಹಿತ ರಜೆ. ವರ್ಷಕ್ಕೊಮ್ಮೆ, ಕೆಲವರಿಗೆ ಎರಡು ವರ್ಷಕ್ಕೊಮ್ಮೆ, ಊರಿಗೆ ಹೋಗುವ ರಜೆಯದು. ಮಕ್ಕಳ ಶಾಲೆ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ, ತಂಗಿಯ ಮದುವೆ ಎಲ್ಲವೂ ಆ 30 ದಿನಗಳಲ್ಲಿ ಅಡಗಬೇಕು. ಅದರಿಂದ ಒಂದು ವಾರವನ್ನು ಇಸ್ಪೀಟಿಗೆ ಕೊಡುವೆನೆಂದು ಮನೆಯಲ್ಲಿ ಹೇಳುವುದು ಯಾವ ಅರ್ಹತಾ ಪಂದ್ಯಕ್ಕಿಂತಲೂ ಕಷ್ಟದ ಪಂದ್ಯ. ಆದುದರಿಂದ ಮೊದಲ ಸ್ಪರ್ಧೆಯಾಗಿ ರಾಷ್ಟ್ರೀಯ ಕೂಟವನ್ನು ಆರಿಸಿಕೊಳ್ಳುವುದು ವಿವೇಕವಲ್ಲ. ಊರಿಗೆ ಬಂದಾಗ ಬೆಂಗಳೂರಿನಲ್ಲಿಯೋ ಸಮೀಪದ ನಗರದಲ್ಲಿಯೋ ನಡೆಯುವ ಎರಡು ದಿನಗಳ ಜೋಡಿ ಪಂದ್ಯವೇ ಸಾಕು. ಅಂತರ್ಜಾಲದ ಜೊತೆಗಾರನನ್ನು ಅಲ್ಲಿಯೇ ಮೊದಲ ಬಾರಿ ಕಣ್ಣಾರೆ ಕಾಣುವ ಸಂದರ್ಭ ಒದಗಬಹುದು. ಭಾರತೀಯ ಒಕ್ಕೂಟದ ಸ್ಪರ್ಧೆಗಳಲ್ಲಿ ಆಡುವವರು ಒಕ್ಕೂಟದಲ್ಲಿ ಹೆಸರು ನೋಂದಾಯಿಸಿರಬೇಕಾದುದರಿಂದ ಆ ಕೆಲಸವನ್ನು ಕುವೈತಿನಿಂದ ಹೊರಡುವ ಮುನ್ನವೇ ಮುಗಿಸಿಕೊಳ್ಳಬೇಕು.

ಪರದೆಯ ಮೇಲೆ ಆಡಿ ರೂಢಿಯಾದವನಿಗೆ ಮೇಜಿನಲ್ಲಿ ಕೆಲವು ತೊಡಕುಗಳು ಎದುರಾಗುತ್ತವೆ. ಗಣಕ ತಪ್ಪು ಎಲೆ ಹಾಕಲು ಬಿಡುವುದಿಲ್ಲ. ಮೇಜಿನಲ್ಲಿ ಕೇಳಿದ ಬಣ್ಣ ಕೈಯಲ್ಲಿದ್ದೂ ಬೇರೆ ಬಣ್ಣ ಹಾಕಿದರೆ ದಂಡ. ಆಡಿದ ಎಲೆಗಳು ಪರದೆಯಲ್ಲಿ ಮತ್ತೆ ನೋಡಲು ಸಿಗುತ್ತವೆ. ಮೇಜಿನಲ್ಲಿ ಬೋರಲು ಹಾಕಿದ ಮೇಲೆ ನೆನಪೇ ಗತಿ. ಕೂಗನ್ನು ಬಾಯಿಂದ ಹೇಳದೆ ಬಿಡ್ಡಿಂಗ್ ಬಾಕ್ಸಿನಿಂದ ಚೀಟಿ ತೆಗೆದು ತೋರಿಸಬೇಕು. ಹೆಚ್ಚು ಹೊತ್ತು ಯೋಚಿಸಿ ಸುಮ್ಮನಾದರೆ ಆ ಯೋಚನೆಯೇ ಜೊತೆಗಾರನಿಗೆ ಕೊಟ್ಟ ಸುಳಿವೆಂದು ಎದುರಾಳಿಗಳು ಆಕ್ಷೇಪಿಸಬಹುದು. ಒಂದು ಬೋರ್ಡಿಗೆ ಸಿಗುವ ಸಮಯ ಏಳೆಂಟು ನಿಮಿಷ. ಮೊಬೈಲು ಮೇಜಿನ ಬಳಿ ಇರಕೂಡದು. ಮನೆಯವರಿಗೆ ಇದನ್ನು ಮೊದಲೇ ತಿಳಿಸಿರಬೇಕು. ಏನೇ ತಕರಾರು ಬಂದರೂ ವಾದಿಸದೆ ಕೈಯೆತ್ತಿ ಡೈರೆಕ್ಟರನ್ನು ಕರೆಯುವುದು ಕ್ರಮ. ಹೊಸಬರು ಹಾಗೆ ಕರೆಯಲು ಸಂಕೋಚಪಡುತ್ತಾರೆ, ಅದು ದೂರು ಕೊಟ್ಟಂತೆ ಎಂದು ಭಾವಿಸುತ್ತಾರೆ. ಮೇಜಿನ ಸುತ್ತ ಕುಳಿತ ಹಳಬರು ಅದನ್ನು ದೂರೆಂದು ಎಣಿಸುವುದಿಲ್ಲ. ಅವರಲ್ಲಿ ಒಬ್ಬರೇ ಕೈಯೆತ್ತಿ ಹೊಸಬನ ಪರವಾಗಿ ಡೈರೆಕ್ಟರನ್ನು ಕರೆಯುವುದೂ ಉಂಟು.